ಆರನೆಯ ಟ್ಯಾಂಕು

"ಮೂವತ್ತೆರಡು," ಅಂದಳು ಸೊಸೆ.

"ನಿನ್ನ ಫೋನು ಕೆಟ್ಟಿದೆ," ಅಂದಳು ಅತ್ತೆ.

"ಫೋನು ಚೆನ್ನಾಗೇ ಇದೆ ಅತ್ತೆ. ನಿನ್ನೆ ತಾನೇ ನೀವೇ ಗೋಡೆ ಗಡಿಯಾರದ ಪಕ್ಕ ಹಿಡಿದು ನೋಡಿದ್ರಲ್ಲ."

"ಹಾಗಾದ್ರೆ ಈ ಗಲ್ಲೀಲಿ ಏರು ಇದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಸೊಸೆಯ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಆ ಮನೆಗೆ ಬಂದು ಆರು ವರ್ಷವಾಗಿತ್ತು; ಯಾವ ಗಾದೆಯನ್ನು ಯಾವ ಹೊತ್ತಿನಲ್ಲಿ ನುಂಗಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಫೋನಿನ ಅಂಕಿಯನ್ನು ಸೊನ್ನೆಗೆ ತಂದು, "ಇನ್ನೊಂದ್ಸಲ?" ಅಂತ ಮಾತ್ರ ಕೇಳಿದಳು.

ಮನೆಗಳ ಹಿಂದಿನ ಆ ಗಲ್ಲಿಯಲ್ಲಿ ಇಪ್ಪತ್ತೈದು ಮೀಟರ್ ಅಂತರ ಬಿಟ್ಟು ಸೀಮೆಸುಣ್ಣದಿಂದ ಎರಡು ಗೆರೆ ಎಳೆದಿದ್ದರು. ಅತ್ತೆಯ ಬೆನ್ನ ಮೇಲೆ ಔಷಧಿ ಹೊಡೆಯುವ ಪಂಪಿನ ಟ್ಯಾಂಕು, ಅದರೊಳಗೆ ಹದಿನಾರು ಲೀಟರ್ ಬರೀ ನೀರು. ಎಡಗೈಯಲ್ಲಿ ಹಿಡಿ ಒತ್ತುತ್ತ, ಬಲಗೈಯಲ್ಲಿ ಕೊಳವೆ ಹಿಡಿದು, ನೀರು ಸಿಂಪಡಿಸುತ್ತ ಈ ಗೆರೆಯಿಂದ ಆ ಗೆರೆಗೆ ನಡೆಯಬೇಕು. ಮೊದಲೆಲ್ಲ ಅದಕ್ಕೆ ಇಪ್ಪತ್ತೈದೇ ಸೆಕೆಂಡು ಹಿಡಿಯುತ್ತಿತ್ತು. ಸೆಕೆಂಡಿಗೆ ಒಂದು ಮೀಟರು, ಬೆಳಿಗ್ಗೆಯಾದರೂ ಅಷ್ಟೇ, ಸಂಜೆ ಸುಸ್ತಾದ ಮೇಲೂ ಅಷ್ಟೇ. ಹದಿಮೂರು ವರ್ಷ ಆಟದ ಮೈದಾನಗಳಲ್ಲಿ ಕಳೆಗೆ ಔಷಧಿ ಹೊಡೆದ ಹೆಂಗಸು ಅವಳು. ಆ ನಡಿಗೆ ನೋಡಿ ಜೊತೆ ಕೆಲಸದವರು ಗಡಿಯಾರಕ್ಕ ಅಂತ ಕರೆದರು. ಮೊದಮೊದಲು ಅವರನ್ನು ಚೆನ್ನಾಗಿ ಬೈದಳು. ಆಮೇಲೆ ಬೇರೆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಈಗ ಗಡಿಯಾರ ಕುಂಟುತ್ತಿತ್ತು. ತುಂಬಿದ ಟ್ಯಾಂಕು ಹೊತ್ತು ಒಮ್ಮೆಯೂ ಮುಗ್ಗರಿಸದವಳು ಹೋದ ವರ್ಷ ಖಾಲಿ ಟ್ಯಾಂಕು ಹೊತ್ತು ಮೈದಾನದ ಮೆಟ್ಟಿಲಿಳಿಯುವಾಗ ಬಿದ್ದಳು. ಸೊಂಟದ ಮೂಳೆ ಮುರಿಯಿತು, ರಾಡು ಹಾಕಿದರು, ಎಂಟು ತಿಂಗಳು ಮನೆಯಲ್ಲಿ ಬಿದ್ದುಕೊಂಡಿದ್ದಳು. "ಭಾರ ಹೊರಬಹುದು, ಆದ್ರೆ ಆತುರ ಬೇಡ," ಅಂದಿದ್ದರು ಡಾಕ್ಟರು. ಗಡಿಯಾರಕ್ಕ ಅದರಲ್ಲಿ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದಳು.

ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಲೈಸೆನ್ಸು ಹೋದದ್ದು. ಇನ್ನೊಬ್ಬರ ಜಾಗದಲ್ಲಿ ಔಷಧಿ ಹೊಡೆಯುವವರಿಗೆ ಸರಕಾರದ ಲೈಸೆನ್ಸು ಬೇಕು. ಮೂರು ವರ್ಷಕ್ಕೊಮ್ಮೆ ತರಗತಿಗೆ ಹೋಗಿ ಅದನ್ನು ಹೊಸದು ಮಾಡಿಸಿಕೊಳ್ಳಬೇಕು. ತರಗತಿಯ ದಿನ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ತಾರೀಕು ದಾಟಿದರೆ ಮುಗಿಯಿತು, ಹೊಸಬರ ಹಾಗೆ ಬರೆಯುವ ಪರೀಕ್ಷೆ, ನಡೆಯುವ ಪರೀಕ್ಷೆ ಎರಡನ್ನೂ ಮೊದಲಿನಿಂದ ಕೊಡಬೇಕು.

ಮೈದಾನದ ಮೇಸ್ತ್ರಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನು. ಹಣ್ಣು ಹಿಡಿದು ನೋಡಲು ಬಂದಿದ್ದ. "ಯಾಕಕ್ಕ ಈ ವಯಸ್ಸಲ್ಲಿ ಇಷ್ಟು ಕಷ್ಟ? ಉಗ್ರಾಣದಲ್ಲಿ ಕೂತ್ಕೊಳ್ಳಿ. ಬಂದವರಿಗೆ ಕೈಗವಸು, ಬೂಟು ಎತ್ತಿ ಕೊಟ್ರೆ ಆಯ್ತು. ಸಂಬಳ ಅಷ್ಟೇ ಇರೋ ಹಾಗೆ ನಾನು ನೋಡ್ಕೋತೀನಿ."

"ಮೈದಾನಕ್ಕೆ ಯಾರು?"

"ಯಾರನ್ನಾದ್ರೂ ಕರೆಸಬೇಕು. ಬರೋ ತಿಂಗಳ ಮೊದಲ ವಾರಕ್ಕೆ ಔಷಧಿ ಬೀಳಲೇಬೇಕು. ಅಷ್ಟರೊಳಗೆ ನಿಮ್ಮ ಲೈಸೆನ್ಸು..."

"ಬಂದಿರುತ್ತೆ," ಅಂದಳು. ಅವನು ಹೋದ ಮೇಲೆ ಹಣ್ಣಿನ ಚೀಲವನ್ನು ಸೊಸೆಯ ಕೈಗೆ ಕೊಟ್ಟು, "ಕೈಗವಸು ಎತ್ತಿ ಕೊಡ್ಬೇಕಂತೆ ನಾನು!" ಅಂತ ಸಂಜೆವರೆಗೂ ಗೊಣಗಿದಳು. ಹದಿಮೂರು ವರ್ಷದ ಹಿಂದೆ ಅದೇ ಮೈದಾನದಲ್ಲಿ ಕಸ ಗುಡಿಸುತ್ತಿದ್ದವಳು ಅವಳು. ಆಗಿದ್ದ ಔಷಧಿಯವನು ಅರ್ಧ ಮೈದಾನವನ್ನೇ ಸುಟ್ಟು ಹಾಕಿದಾಗ, ಇದಕ್ಕಿಂತ ಚೆನ್ನಾಗಿ ನಾನು ಹೊಡೀತೀನಿ ಅಂತ ಪುಸ್ತಕ ಹಿಡಿದು ಕೂತು ಪಾಸಾಗಿದ್ದಳು. ಆ ಕಾರ್ಡಿನ ಮೇಲೆ ಇದ್ದದ್ದು ಅವಳ ಹೆಸರು, ಗಂಡನದಲ್ಲ, ಮೇಸ್ತ್ರಿಯದಲ್ಲ. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಬರೆಯುವ ಪರೀಕ್ಷೆ ನೀರು ಕುಡಿದ ಹಾಗಾಯಿತು, ನೂರಕ್ಕೆ ತೊಂಬತ್ತನಾಲ್ಕು. ಉಳಿದದ್ದು ನಡೆಯುವುದು. ದಿನಾ ಸಂಜೆ ಗಲ್ಲಿಯಲ್ಲಿ ಹಲ್ಲು ಕಚ್ಚಿಕೊಂಡು ನಡೆದಳು. ಒಂದೊಂದು ಸಲ ಇಪ್ಪತ್ತಾರಕ್ಕೆ ಬರುತ್ತಿತ್ತು. ಆಗ ಹುಡುಗಿಯ ಹಾಗೆ ನಗುವಳು, ಮುಂದಿನ ಸಲವೇ ಮೂವತ್ತು ದಾಟುವಳು. ಮೂವತ್ತೆರಡು ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಎತ್ತದಂತಾಯಿತು.

"ಅತ್ತೆ, ಸುಮ್ನೆ ನಿಮ್ಮ ಪಾಡಿಗೆ ನೀವು ನಡೆದ್ರೆ ದಿನಾ ಒಂದೇ ಬರುತ್ತೆ. ಅದೇ ಮೂವತ್ತ..." ಅಂತ ಸೊಸೆ ಒಂದು ದಿನ ಶುರು ಮಾಡಿದಳು.

"ಬಾಯ್ಮುಚ್ಚು. ಇಪ್ಪತ್ತೈದು ಅಂದ್ರೆ ಇಪ್ಪತ್ತೈದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸೊಸೆ ಈ ಗಾದೆಯನ್ನೂ ನುಂಗಿಕೊಂಡಳು.

ಪರೀಕ್ಷೆ ನಡೆದದ್ದು ಇಲಾಖೆಯ ಕಟ್ಟಡದ ಹಿಂದಿನ ಸಿಮೆಂಟು ಅಂಗಳದಲ್ಲಿ. ಬಿಸಿಲು ಚುರುಚುರು ಅನ್ನುತ್ತಿತ್ತು. ಬಂದಿದ್ದವರು ಆರು ಜನ. ಪರೀಕ್ಷಕಿ ಗಡಿಯಾರಕ್ಕನ ಮಗನಿಗಿಂತ ಚಿಕ್ಕವಳು, ತಲೆಗೆ ದೊಡ್ಡ ಟೋಪಿ, ಕುತ್ತಿಗೆಗೆ ಸೀಟಿ. ಅವಳು ಹೇಳಿದ್ದು ಇಷ್ಟೇ: ನೀರು ಸಿಂಪಡಿಸುತ್ತ ಮೂರು ಸಲ ನಡೆಯಿರಿ, ಮೂರರ ಸಮಯವನ್ನೂ ಬರೆಯಿರಿ. ಅಷ್ಟೇ ಸೆಕೆಂಡು ಪಂಪಿನ ನೀರನ್ನು ಅಳತೆಯ ಜಾಡಿಯೊಳಗೆ ಬಿಟ್ಟು, ಎಷ್ಟು ಬಿತ್ತು ನೋಡಿ. ಅದರಿಂದ ಒಂದು ಟ್ಯಾಂಕು ಎಷ್ಟು ನೆಲಕ್ಕೆ ಬರುತ್ತದೆ, ಟ್ಯಾಂಕಿಗೆ ಎಷ್ಟು ಔಷಧಿ ಹಾಕಬೇಕು ಅಂತ ಲೆಕ್ಕ ಹಾಕಿ. ಮೂರು ಸಲಕ್ಕೂ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು.

ಗಡಿಯಾರಕ್ಕನ ಫಾರಂ ನೋಡಿ ಅವಳ ಹುಬ್ಬು ಮೇಲೆ ಹೋಯಿತು. "ನಡೆಯೋಕೆ ಮುಂಚೆನೇ ಬರೆದುಬಿಟ್ಟಿದೀರಲ್ಲ! ಇಪ್ಪತ್ತೈದು ಸೆಕೆಂಡು, ಟ್ಯಾಂಕಿಗೆ ನೂರ ಅರವತ್ತು ಎಂ.ಎಲ್. ಔಷಧಿ. ಯಾರ ಲೆಕ್ಕ ಇದು?"

"ನಂದೇ. ಹದಿಮೂರು ವರ್ಷದ್ದು."

"ಸರಿ, ನಡೆದು ತೋರಿಸಿ."

ಮೊದಲನೆಯ ಸಲ ಉಸಿರು ಬಿಗಿಹಿಡಿದು ಇಪ್ಪತ್ತಾರಕ್ಕೆ ಮುಟ್ಟಿದಳು. ಸೊಂಟದೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ಎರಡನೆಯ ಸಲ ಇಪ್ಪತ್ತೊಂಬತ್ತು. ಮೂರನೆಯದರಲ್ಲಿ ಅರ್ಧ ದಾರಿಯವರೆಗೆ ದಾಪುಗಾಲು ಹಾಕಿದವಳ ಎಡಗಾಲು ಸೋತಿತು, ಎರಡು ಕಡೆ ನಿಂತಳು, ಹೇಗೋ ಕಾಲೆಳೆದುಕೊಂಡು ಗೆರೆ ದಾಟಿದಾಗ ಮೂವತ್ತನಾಲ್ಕು.

"ಮೂರೂ ಮೂರು ದಿಕ್ಕಿಗಿದೆಯಲ್ಲಮ್ಮ," ಅಂದಳು ಪರೀಕ್ಷಕಿ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಉಳಿದವರದ್ದು ಮುಗೀಲಿ. ಆಮೇಲೆ ಇನ್ನೊಂದು ಅವಕಾಶ ಕೊಡ್ತೀನಿ. ಅದೇ ಕೊನೇದು."

ಗಡಿಯಾರಕ್ಕ ಟ್ಯಾಂಕು ಇಳಿಸಿ ಗಿಡ್ಡ ಗೋಡೆಯ ಮೇಲೆ ಕೂತಳು. ಕಣ್ಣಿಗೆ ನೀರು ಬಂತು. ಬಂದರೆ ಬರಲಿ ಅಂತ ಬಿಟ್ಟಳು, ಬಿಸಿಲಿಗೆ ಬೆವರೂ ಇತ್ತಲ್ಲ, ಯಾರಿಗೆ ಗೊತ್ತಾಗಬೇಕು? ಪಕ್ಕದಲ್ಲಿ ಗೋದಾಮುಗಳಿಗೆ ಔಷಧಿ ಹೊಡೆಯುವ ದಪ್ಪನೆಯ ಗಂಡಸೊಬ್ಬ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ. ಸಿಮೆಂಟಿನ ಮೇಲೆ ಒಬ್ಬೊಬ್ಬರು ನಡೆದ ದಾರಿಯ ಒದ್ದೆ ಪಟ್ಟಿಗಳು ಬಿಸಿಲಿಗೆ ಒಣಗುತ್ತಿದ್ದವು.

"ಅಕ್ಕ, ಆ ಕೊನೇ ಪಟ್ಟಿ ಯಾರ್ದು? ಮನೆ ತುಂಬ ಮಗು ಉಚ್ಚೆ ಹೊಯ್ಕೊಂಡು ಓಡಾಡಿದ ಹಾಗಿದೆ," ಅಂದ ಅವನು.

"ನಂದೇ," ಅಂದಳು.

ಅವನು ನಾಲಿಗೆ ಕಚ್ಚಿಕೊಂಡ. ಅವಳು ಅವನ ಮೇಲೆ ಸಿಟ್ಟಾಗಲಿಲ್ಲ. ಪಟ್ಟಿಯನ್ನೇ ನೋಡುತ್ತಿದ್ದಳು. ಆತುರಪಟ್ಟ ಕಡೆಯೆಲ್ಲ ನೀರು ತೆಳ್ಳಗೆ ಬಿದ್ದು ಆಗಲೇ ಒಣಗಿ ಬಿಳಿಚಿತ್ತು. ಕಾಲು ಸೋತು ನಿಂತ ಎರಡು ಕಡೆ ಮಡುಗಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಇದು ಔಷಧಿಯಾಗಿದ್ದರೆ ಮಡುಗಟ್ಟಿದ ಕಡೆ ಹುಲ್ಲು ಸುಟ್ಟು ಹೋಗುತ್ತಿತ್ತು, ತೆಳ್ಳಗೆ ಬಿದ್ದ ಕಡೆ ಕಳೆ ನಗುನಗುತ್ತ ನಿಲ್ಲುತ್ತಿತ್ತು. ಸುಟ್ಟ ಹುಲ್ಲಿನ ಮೇಲೆ ಮುಂದಿನ ವಾರ ಮಕ್ಕಳು ಬಿದ್ದು ಹೊರಳಾಡುತ್ತಿದ್ದವು. ಕೆಲಸ ಕಲಿಯಲು ಬಂದವರು ಇಂಥ ಪಟ್ಟಿ ಹೊಡೆದಾಗ ಅವಳು ಎಷ್ಟು ಸಲ ಉಗಿದಿಲ್ಲ! 'ಬೇಗ ನಡಿ ಅಂತ ಯಾರು ಹೇಳಿದ್ದು ನಿಂಗೆ? ಒಂದೇ ಸಮ ನಡಿ.' ಅವಳದೇ ಮಾತು. ಲೈಸೆನ್ಸು ಕೊಡುವವರು ಎಂದಾದರೂ ಇಪ್ಪತ್ತೈದು ಸೆಕೆಂಡು ಕೇಳಿದ್ದುಂಟೇ? ಇಲ್ಲ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ. ಕೇಳಿದ್ದವಳು ಅವಳೊಬ್ಬಳೇ.

ಈ ಪಟ್ಟಿ ಹೊಡೆದವಳಿಗೆ ನಾನಾಗಿದ್ದರೆ ಲೈಸೆನ್ಸು ಕೊಡುತ್ತಿದ್ದೆನೇ? ಕೊಡುತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹಳೆಯ ಹಟ ಎದ್ದು ಬಂತು, ಈ ಸಲ ಸರಿಯಾದ ಕಡೆ ಮುಖ ಮಾಡಿಕೊಂಡು.

ಎದ್ದು ಹೋಗಿ ಪರೀಕ್ಷಕಿಯ ಮುಂದೆ ನಿಂತಳು. "ಮೇಡಂ, ಹೊಸ ಫಾರಂ ಕೊಡಿ. ಏನೂ ಬರೀದೇ ಇರೋದು."

ಟ್ಯಾಂಕು ಹೊತ್ತು ಗೆರೆಯ ಹಿಂದೆ ನಿಂತಳು. ಪರೀಕ್ಷಕಿ ಸೀಟಿ ಊದಿದಳು. ಬಲಗಾಲು ಉದ್ದ, ಎಡಗಾಲು ಗಿಡ್ಡ. ಮತ್ತೆ ಉದ್ದ, ಮತ್ತೆ ಗಿಡ್ಡ. ಕಾಲುಗಳಿಗೆ ಏನೂ ಹೇಳಲಿಲ್ಲ. ಕೊಳವೆ ಹಿಡಿದ ಕೈಯನ್ನು ಮಾತ್ರ ಅಲ್ಲಾಡಲು ಬಿಡಲಿಲ್ಲ. ಸೊಂಟ ನೋಯುತ್ತಿತ್ತು, ಆದರೆ ಅದು ದಿನದ ನೋವು, ಪರಿಚಯದ್ದು. ಆ ತುದಿ ಮುಟ್ಟಿದಾಗ ಪರೀಕ್ಷಕಿ ಹೇಳಿದ ಅಂಕಿ ಅವಳಿಗೆ ಮೊದಲೇ ಗೊತ್ತಿತ್ತು. ಎರಡನೆಯ ಸಲ ಒಂದು ಸೆಕೆಂಡು ಹೆಚ್ಚಾಯಿತು, ಮೂರನೆಯ ಸಲ ಮತ್ತೆ ಮೊದಲಿನದೇ. ಅದನ್ನೇ ಬರೆದಳು, ದಪ್ಪ ಅಕ್ಷರದಲ್ಲಿ. ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೀರು ನೋಡಿದಳು, ಕೂತು ಲೆಕ್ಕ ಹಾಕಿದಳು. ನಿಧಾನ ನಡೆದರೆ ಒಂದೇ ಜಾಗಕ್ಕೆ ಹೆಚ್ಚು ನೀರು ಬೀಳುತ್ತದೆ, ಟ್ಯಾಂಕು ಬೇಗ ಖಾಲಿಯಾಗುತ್ತದೆ, ಆದ್ದರಿಂದ ಔಷಧಿ ಕಮ್ಮಿ ಹಾಕಬೇಕು. ಟ್ಯಾಂಕಿಗೆ ನೂರ ಅರವತ್ತಲ್ಲ, ನೂರ ಇಪ್ಪತ್ತೈದು. ಹಳೆಯ ಲೆಕ್ಕ ಇಟ್ಟುಕೊಂಡು ಹೊಸ ಕಾಲಲ್ಲಿ ಮೈದಾನಕ್ಕೆ ಇಳಿದಿದ್ದರೆ ನಾನೂ ಅದನ್ನು ಸುಟ್ಟು ಹಾಕುತ್ತಿದ್ದೆ ಅಂತ ಹೊಳೆದು, ಲೆಕ್ಕವನ್ನು ಇನ್ನೊಂದು ಸಲ ಹಾಕಿ ನೋಡಿದಳು.

ಪರೀಕ್ಷಕಿ ಫಾರಮ್ಮನ್ನು ಎರಡು ಸಲ ಓದಿದಳು. "ನಿಧಾನ ಆಯ್ತು ಅಲ್ವಾ?"

"ಆಯ್ತು. ಇನ್ಮೇಲೆ ಇಷ್ಟೇ."

ಪರೀಕ್ಷಕಿ ತಲೆಯಾಡಿಸಿ, ಪೆನ್ನಿನ ಟೋಪಿ ತೆಗೆದು ಸಹಿ ಹಾಕಿದಳು.

ತಿಂಗಳ ಮೊದಲ ವಾರ ಗಾಳಿಯಿಲ್ಲದ ಒಂದು ಬೆಳಿಗ್ಗೆ ಮೈದಾನಕ್ಕೆ ಬೀಗ ಹಾಕಿ, ಬಾಗಿಲಿಗೆ ಎಚ್ಚರಿಕೆಯ ಹಲಗೆ ಕಟ್ಟಿದರು. ಎಲ್ಲಿವರೆಗೆ ಹೊಡೆದಾಯಿತು ಅಂತ ಕಾಣಲಿ ಎಂದು ಔಷಧಿಗೆ ನೀಲಿ ಬಣ್ಣ ಬೆರೆಸುತ್ತಾರೆ. ಬೂಟು, ಕೈಗವಸು, ಮುಖಕ್ಕೆ ಮುಸುಕು ಹಾಕಿಕೊಂಡ ಗಡಿಯಾರಕ್ಕ ಒಂದೊಂದೇ ನೀಲಿ ಪಟ್ಟಿ ಎಳೆಯುತ್ತ ಹೋದಳು. ಮೇಸ್ತ್ರಿ ಮತ್ತು ಇಬ್ಬರು ಮಾಲಿಗಳು ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದರು. ಅವಳ ಕಾಲು ನೋಡುತ್ತಿದ್ದರು ಅಂತ ಅವಳಿಗೂ ಗೊತ್ತಿತ್ತು.

ಐದನೆಯ ಟ್ಯಾಂಕು ಖಾಲಿಯಾದಾಗ ಅವಳು ನಲ್ಲಿಗೆ ಬಂದಳು. ಮೈದಾನದ ಆ ಮಗ್ಗುಲಲ್ಲಿ, ಗೋಲು ಕಂಬದಿಂದ ಗೋಲು ಕಂಬದವರೆಗೆ, ಅಗಲವಾದ ಹಸಿರು ಹಾಗೇ ಉಳಿದಿತ್ತು.

"ಅಕ್ಕ, ಐದಾಯ್ತಲ್ಲ," ಅಂದ ಮೇಸ್ತ್ರಿ. "ಮೊದಲೆಲ್ಲ ಐದಕ್ಕೇ ಇಡೀ ಮೈದಾನ ಮುಗೀತಿತ್ತು."

ಮೂವರೂ ಆ ಹಸಿರಿನ ಕಡೆ ನೋಡಿದರು. ಎಂಟು ತಿಂಗಳ ಮಂಚ, ಸೊಂಟದ ರಾಡು, ಗಿಡ್ಡವಾದ ಎಡಗಾಲು ಎಲ್ಲವೂ ಊರೆಲ್ಲ ನೋಡುವ ಹಾಗೆ ಅಲ್ಲಿ ಹಾಸಿಕೊಂಡು ಬಿದ್ದಿತ್ತು. ಮುಸುಕಿನೊಳಗೆ ಅವಳ ಮುಖ ಬಿಸಿಯಾಯಿತು.

"ಮುಗೀತಿತ್ತು," ಅಂದಳು. "ಈಗ ಆರೂವರೆ ಟ್ಯಾಂಕು ಬೇಕು. ಔಷಧಿ ಅಷ್ಟೇ, ನೀರು ಜಾಸ್ತಿ."

"ಉಳಿದಿದ್ದನ್ನ ನಾಳೆ ಬೇರೆ ಯಾರಾದ್ರೂ..."

"ನನ್ನ ಲೈಸೆನ್ಸಲ್ಲಿ ಶುರುವಾಗಿದೆ ಕಣಪ್ಪ. ನಾನೇ ಮುಗಿಸ್ತೀನಿ."

ಮೇಸ್ತ್ರಿ ರಬ್ಬರ್ ಪೈಪನ್ನು ಎತ್ತಿಕೊಂಡು ಟ್ಯಾಂಕಿನ ಬಾಯಿಗೆ ಹಿಡಿದ.

"ಎಲ್ಲಿವರೆಗೆ ಬಿಡ್ಲಿ ಅಕ್ಕ?"

"ಮೊದಲು ಅರ್ಧ. ಔಷಧಿ ಹಾಕಿದ ಮೇಲೆ ಗೆರೆವರೆಗೆ."

ಅವಳು ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತೊಟ್ಟು ತೊಟ್ಟಾಗಿ ನೂರ ಇಪ್ಪತ್ತೈದಕ್ಕೆ ತಂದು, ಸುರಿದಳು. ನೀರು ನೀಲಿಯಾಗುತ್ತ ಮೇಲೇರಿ ಗೆರೆ ಮುಟ್ಟಿತು. ಕೈಗವಸು ತೊಟ್ಟು ಮೇಸ್ತ್ರಿ ಟ್ಯಾಂಕನ್ನು ಕಟ್ಟೆಯ ಮೇಲೆ ಎತ್ತಿಟ್ಟ. ಅವಳು ಬೆನ್ನು ಕೊಟ್ಟು ಹೆಗಲ ಪಟ್ಟಿಗಳಿಗೆ ತೋಳು ತೂರಿಸಿದಳು. ಭಾರ ಸರಿಯಾಗಿ ಕೂರುವವರೆಗೆ ಅವನು ಹಿಂದಿನಿಂದ ಹಿಡಿದುಕೊಂಡಿದ್ದು, ಅವಳು ಹೆಜ್ಜೆ ಎತ್ತಿದಾಗ ಕೈ ತೆಗೆದ.