ಸ್ನಾನದ ದೃಶ್ಯ

ಲೋರ್ನ್ ಪ್ರೆವಿಟ್ ಮತ್ತು ಅಡೀಲಾ ಪರದೆಯ ಮೇಲೆ ಜಗಳವಾಡಿದರೆ ದೇಶವೆಲ್ಲ ನಗುತ್ತಿತ್ತು. ನಿಜವಾಗಿಯೂ ಅವರು ಗಂಡ ಹೆಂಡತಿ. ಅಡೀಲಾಳ ತಲೆ ಸಿಂಗರಿಸುವುದು ನನ್ನ ಕೆಲಸವಾಗಿದ್ದರಿಂದ ಅವರ ಮನೆಯ ಜಗಳವನ್ನೂ ಕೇಳಿದ್ದೇನೆ. ಅದು ಸಿನಿಮಾದ್ದಕ್ಕಿಂತ ತಮಾಷೆ.

ಯುದ್ಧ ಮುಗಿದ ಮರುವರ್ಷ ಬೇಸಿಗೆಯಲ್ಲಿ ಅವರ ಒಬ್ಬನೇ ಮಗ ಟೋಬಿ ಪೋಲಿಯೋ ತಗುಲಿ ತೀರಿಕೊಂಡ. ಇನ್ನೂ ಮಾತು ಕಲಿಯುತ್ತಿದ್ದ ಕೂಸು. ಆಮೇಲೆ ಆ ಮನೆಯಲ್ಲಿ ಜಗಳವೂ ಇಲ್ಲ, ಮಾತೂ ಇಲ್ಲ. ಅಡೀಲಾ ತಂಗಿಯ ಮನೆ ಸೇರಿದಳು.

ಆದರೆ ಸ್ಟುಡಿಯೋದ ಕರಾರು ಮುಗಿದಿರಲಿಲ್ಲ. ಯಜಮಾನ ಕ್ರಾಂಟ್ಸ್ ಇಬ್ಬರನ್ನೂ ಕರೆಸಿ ಹೊಸ ಕಥೆ ಹೇಳಿದ. ಹೆಣ್ಣು ಕೂಸೊಂದನ್ನು ಸಾಕಲು ಹೆಣಗಾಡುವ ದಂಪತಿಯ ಕಥೆ.

"ಬೇರೆ ಏನಾದ್ರೂ ಕೊಡಿ ಸಾರ್. ಕಳ್ಳನ ಪಾತ್ರ ಆದ್ರೂ ಸರಿ," ಅಂದ ಲೋರ್ನ್.

"ನಿನ್ನನ್ನ ಕಳ್ಳ ಅಂದ್ರೆ ಯಾರಯ್ಯಾ ನಂಬ್ತಾರೆ? ಜನ ನಗೋಕೆ ಬರ್ತಾರೆ, ನಗ್ಸು."

ಒಪ್ಪದಿದ್ದರೆ ಬೇರೆಲ್ಲೂ ನಟಿಸುವಂತಿರಲಿಲ್ಲ. ಒಪ್ಪಿದರು.

ಕೂಸಿಗೆ ಸ್ನಾನ ಮಾಡಿಸುವ ದೃಶ್ಯ ಬಂತು. ಸೋಪು ಕೈಜಾರಬೇಕು, ಅದನ್ನು ಹಿಡಿಯಲು ಹೋಗಿ ಲೋರ್ನ್ ಬೀಳಬೇಕು. ಕ್ಯಾಮೆರಾ ಶುರುವಾಯಿತು. ಲೋರ್ನ್ ಮೊಣಕೈಯನ್ನು ನೀರಿಗೆ ಅದ್ದಿ ನೋಡಿದ.

"ಸ್ವಲ್ಪ ತಣ್ಣೀರು ಹಾಕು, ಅಡೀ. ಅವನಿಗೆ ಇಷ್ಟು ಬಿಸಿ ತಡಿಯೋಕಾಗಲ್ಲ."

ಬರೆದುಕೊಟ್ಟಿದ್ದರಲ್ಲಿ ಆ ಮಾತಿರಲಿಲ್ಲ. ಅಡೀಲಾ ತಣ್ಣೀರು ಬೆರೆಸಿದಳು. ಅವನು ಕೂಸಿನ ಕತ್ತಿನಡಿ ಅಂಗೈ ಕೊಟ್ಟು, ಕಿವಿಯ ಹಿಂದೆ ಮೆಲ್ಲಗೆ ತೊಳೆದ.

"ಕಟ್!" ಅಂದ ನಿರ್ದೇಶಕ. "ಸೋಪು ಎಲ್ಲಪ್ಪಾ? ನೀನು ಇಷ್ಟು ನಾಜೂಕಾಗಿ ತೊಳೆದ್ರೆ ನಗೋರು ಯಾರು?"

"ತಪ್ಪಾಯ್ತು. ಇನ್ನೊಂದ್ಸಲ ಮಾಡೋಣ."

ಈ ಸಲ ಸೋಪು ಜಾರಿತು. ಲೋರ್ನ್ ಬಿದ್ದ ಪರಿಗೆ ದೀಪ ನೋಡಿಕೊಳ್ಳುವ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ನಾನು ಅಡೀಲಾಳ ಪಿನ್ನು ಬಿಚ್ಚುತ್ತಿದ್ದಾಗ ಅವನು ಒದ್ದೆ ಬಟ್ಟೆಯಲ್ಲೇ ಬಾಗಿಲಿಗೆ ಬಂದ. ನಾನು ಹೊರಗೆ ಹೋಗಲು ಎದ್ದೆ. ಅಡೀಲಾ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಮನೆಗೆ ಬಾ, ಅಡೀ. ಟೋಬಿ ಕೋಣೆ ಬಾಗಿಲು ನಾನಿನ್ನೂ ತೆಗೆದಿಲ್ಲ. ಒಬ್ಬನ ಕೈಲಿ ಆಗ್ತಿಲ್ಲ."

"ನಿನ್ನ ಮುಖದಲ್ಲಿ ಅವನೇ ಕಾಣ್ತಾನೆ, ಲೋರ್ನ್. ದಿನಾ ಹೆಂಗ್ ನೋಡ್ಲಿ ಹೇಳು?"

ಅವನು ಸರಿ ಎಂಬಂತೆ ತಲೆಯಾಡಿಸಿದ. "ತಲೆ ಒರೆಸ್ಕೋ, ಶೀತ ಆಗತ್ತೆ," ಅಂದಳು ಅವಳು. ಅಷ್ಟೇ.

ಚಿತ್ರ ಭರ್ಜರಿಯಾಗಿ ಓಡಿತು. ಅವರ ವಿಚ್ಛೇದನವೂ ಆಯಿತು. ಲೋರ್ನ್ ಇನ್ನು ಹಾಸ್ಯದ ಪಾತ್ರ ಮಾಡಲ್ಲ ಅಂದ. ಕ್ರಾಂಟ್ಸ್ ಕರಾರು ಮುಗಿಯುವವರೆಗೂ ಅವನನ್ನು ಖಾಲಿ ಕೂರಿಸಿದ. ಅಷ್ಟರಲ್ಲಿ ಜನ ಮರೆತಿದ್ದರು. ಮುಂದೆ ಸಿಕ್ಕಿದ್ದೆಲ್ಲ ಒಂದೆರಡು ಮಾತಿನ ಪಾತ್ರಗಳು: ಹಳ್ಳಿ ಡಾಕ್ಟರು, ನ್ಯಾಯಾಧೀಶ, ರೈಲಿನಲ್ಲಿ ಪತ್ರಿಕೆ ಓದುವ ಮುದುಕ. ಐವತ್ತು ತುಂಬುವ ಮೊದಲೇ ಹೃದಯ ನಿಂತುಹೋಯಿತು.

ಅಂತ್ಯಕ್ರಿಯೆಗೆ ಅಡೀಲಾ ಬಂದಿದ್ದಳು. ಎಲ್ಲರೂ ಹೋದ ಮೇಲೂ ಮಗನ ಸಮಾಧಿಗೂ ಅವನದ್ದಕ್ಕೂ ನಡುವೆ ಹುಲ್ಲಿನ ಮೇಲೆ ಕೂತೇ ಇದ್ದಳು. ಪಕ್ಕದಲ್ಲಿ ನಾನೂ ಕೂತೆ.

"ಆವತ್ತು ಅವನು ಕರೆದಾಗ ಹೋಗ್ಬೇಕಿತ್ತು ಕಣೆ, ನೆಟ್ಟಿ," ಅಂದಳು. "ಮುಖ ನೋಡೋಕಾಗದೆ ಇದ್ರೆ ಕಣ್ಮುಚ್ಕೊಂಡಾದ್ರೂ ಇರ್ಬೋದಿತ್ತು."

ಕಾವಲುಗಾರ ಗೇಟು ಹಾಕಲು ಬಂದಾಗ ಅವಳ ತೋಳು ಹಿಡಿದು ಎಬ್ಬಿಸಿದೆ.