ಗುಂಡಿನ ಮನೆಯ ಹಸಿರು ಬಳೆ

ನಮ್ಮ ಮನೆಗೆ ಗುಂಡಿನ ಮನೆ ಎಂದು ಹೆಸರು. ಬಣಕಲ್‌ನಲ್ಲಿ ಬಸ್ಸಿಳಿದು ಹಾಗೆಂದು ವಿಚಾರಿಸಿದರೆ ಆಟೋದವರು ಕಿಸಕ್ಕನೆ ನಕ್ಕು, ಸಂಜೆ ಬನ್ನಿ ಎನ್ನುತ್ತಾರೆ. ಕುಡಿಯುವ ಗುಂಡಲ್ಲ ಮಾರಾಯರೇ, ಕೋವಿಯ ಗುಂಡು! ಇನ್ನೂರು ವರ್ಷಗಳ ಹಿಂದೆ ಪಾಳೆಯಗಾರನ ಕಡೆಯವರಿಗೂ ಕಂಪನಿಯ ಸಿಪಾಯಿಗಳಿಗೂ ನಮ್ಮ ಅಂಗಳದಲ್ಲೇ ಕಾಳಗವಾಗಿತ್ತು. ಜಗಲಿಯ ಗೋಡೆಯಲ್ಲಿ, ಕಿಟಕಿಯ ಸುತ್ತ, ಗುಂಡು ಹೊಕ್ಕ ತೂತುಗಳು ಇನ್ನೂ ಇವೆ.

ಕಳೆದ ತಿಂಗಳು ರಸ್ತೆ ಅಗಲ ಮಾಡುವವರು ಬಂದು ಅದೇ ಗೋಡೆಗೆ ಕೆಂಪು ಬಣ್ಣದ ಗುರುತು ಬಳಿದು ಹೋದರು. ಅಂದಿನಿಂದ ನಾನು ನಿಂತಲ್ಲಿ ನಿಲ್ಲುತ್ತಿಲ್ಲ, ಕೂತಲ್ಲಿ ಕೂರುತ್ತಿಲ್ಲ. ಅಬ್ಬಾ ರಜಬ್ ಅಲಿಯಂತೂ ಮೆಣಸಿನ ವ್ಯಾಪಾರ ಬಿಟ್ಟು ಆ ಗುರುತನ್ನೇ ದಿಟ್ಟಿಸುತ್ತಾರೆ. ಕಚೇರಿಗಳಿಗೆ ಅಲೆದು, ಜಗಳವಾಡಿ, ಕೊನೆಗೆ ಹಳೆಯ ಕಟ್ಟಡಗಳನ್ನು ಪರೀಕ್ಷಿಸುವ ರಾಜೀವ್ ಎಂಬವರನ್ನು ಕರೆಸಿದೆ. ಕಾಳಗ ನಡೆದ ಮನೆ ಇದೇ ಎಂದು ಅವರಿಗೆ ಮನವರಿಕೆಯಾದರೆ ರಸ್ತೆ ಪಕ್ಕಕ್ಕೆ ಸರಿಯಬಹುದು. ಇಲ್ಲವಾದರೆ ಜೆಸಿಬಿ.

ಈ ಮನೆ ಮೊದಲು ಸಾವಿತ್ರಮ್ಮನವರ ಗಂಡನ ಮನೆತನದ್ದು. ನಮ್ಮ ಅಜ್ಜ ಅವರಿಂದ ಕೊಂಡರು. ಮನೆ ಮಾರಿದರೂ ಅವರು ಆ ಗೋಡೆಯನ್ನು ಬಿಟ್ಟಿಲ್ಲ. ಪ್ರತಿ ಮಹಾನವಮಿಗೆ ಸಾವಿತ್ರಮ್ಮ ಬಂದು ತೂತುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕಿಟಕಿಯಲ್ಲಿ ಹಸಿರು ಗಾಜಿನ ಬಳೆ ಇಟ್ಟು ಹೋಗುತ್ತಾರೆ. ಅದಕ್ಕೇ ಈದ್‌ಗೆ ಮನೆಗೆಲ್ಲ ಸುಣ್ಣ ಬಳಿದರೂ ಆ ಗೋಡೆಯನ್ನು ನಾವು ಮುಟ್ಟುವುದಿಲ್ಲ. ಅವರ ಹಿರಿಯರೊಬ್ಬರು ಆ ಕಿಟಕಿಯಲ್ಲಿ ನಿಂತು ಸಿಪಾಯಿಗಳನ್ನು ಎದುರಿಸಿ ಸತ್ತರಂತೆ. ಗಂಡಸಿಗೆ ಬಳೆ ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಅವರ ಪದ್ಧತಿ ಹಾಗಿರಬೇಕು ಅಂದುಕೊಂಡಿದ್ದೆ.

ರಾಜೀವ್ ಬಂದ ದಿನ ಸಾವಿತ್ರಮ್ಮನೂ ಅವರ ಮಗ ಚನ್ನಕೇಶವನೂ ಬಂದರು. ಅಮ್ಮನ ಕೈಯಲ್ಲಿ ಪೂಜೆಯ ತಟ್ಟೆ, ಅದರಲ್ಲಿ ಹಸಿರು ಬಳೆ. ಮಗ ಎದೆಯುಬ್ಬಿಸಿ ಕಥೆ ಹೇಳಿದ.

"ಸಿಪಾಯಿಗಳು ಕೆಳಗೆ ರಸ್ತೇಲಿದ್ರು ಸಾರ್. ನಮ್ಮ ಹಿರೀಕರು ಒಬ್ರೇ ಇಲ್ಲಿ."

ರಾಜೀವ್ ನನ್ನ ಹತ್ತಿರ ಪೊರಕೆ ಕಡ್ಡಿ ಕೇಳಿ, ಒಂದೊಂದು ತೂತಿಗೂ ಒಂದೊಂದು ತೂರಿಸಿದರು. ಕಡ್ಡಿಗಳ ತುದಿಯೆಲ್ಲ ಮೇಲಕ್ಕೆ, ರಸ್ತೆಯಾಚೆಯ ಪಾಳ್ಯದ ಗುಡ್ಡದ ಕಡೆ ನೋಡುತ್ತಿದ್ದವು.

"ರಸ್ತೆಯಿಂದ ಹೊಡೆದಿದ್ರೆ ಇವು ಕೆಳಗೆ ನೋಡ್ಬೇಕಿತ್ತು. ಗುಂಡು ಬಂದಿರೋದು ಗುಡ್ಡದಿಂದ. ಅಲ್ಲಿ ಯಾರಿದ್ರು?"

"ಗುಡ್ಡದಲ್ಲಿ ನಮ್ಮೋರೇ..." ಎಂದ ಚನ್ನಕೇಶವ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಕಥೆಗೂ ಗೋಡೆಗೂ ತಾಳೆ ಆಗ್ತಿಲ್ವಲ್ಲ. ಹೀಗೇ ವರದಿ ಮಾಡಿದ್ರೆ ಯಾರೂ ಒಪ್ಪಲ್ಲ," ಎಂದು ರಾಜೀವ್ ಚೀಲ ಮುಚ್ಚಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಸಾವಿತ್ರಮ್ಮಾ, ಬಾಯಿ ಬಿಟ್ಟು ಏನಾದ್ರೂ ಹೇಳಿ! ಮನೆ ಹೋಗುತ್ತೆ!"

ಅವರು ತಟ್ಟೆಯನ್ನು ಕಿಟಕಿಯಲ್ಲಿಟ್ಟರು.

"ಗುಡ್ಡದಲ್ಲಿದ್ದೋರು ಆ ಹಿರೀಕರೇ. ಮನೆಗೆ ಸಿಪಾಯಿಗಳು ನುಗ್ಗಿ ಕೂತಿದ್ರು. ಅವ್ರ ಹೆಂಡ್ತೀನ ಅಡಿಗೆಗೆ ಹಚ್ಚಿದ್ರು. ಇವ್ರು ಮೇಲಿಂದ ಹೊಡೆದ್ರು. ಕಿಟಕೀಲಿ ನಿಂತಿದ್ದೋಳು ಅವಳು."

"ಅಮ್ಮಾ, ಸುಮ್ನಿರಿ!" ಚನ್ನಕೇಶವನ ಮುಖ ಕೆಂಪಾಯಿತು. "ಊರ ಬಾಗಿಲಲ್ಲಿ ಆ ಹಿರೀಕರ ಹೆಸರಿನ ಬೋರ್ಡ್ ಹಾಕ್ಸಿದೀವಿ."

"ಬೋರ್ಡ್ ಹಾಕ್ಸಿದೋರು ನೀವು. ಬಳೆ ತಂದೋರು ನಾವು. ನಂಗೆ ಅತ್ತೆ ಹೇಳಿದ್ರು, ಅವ್ರಿಗೆ ಅವ್ರತ್ತೆ. ಗಂಡಸಿಗೆ ಯಾರಾದ್ರೂ ಬಳೆ ಇಡ್ತಾರೇನೋ? ಮುತ್ತೈದೆಯಾಗಿ ಸತ್ತೋಳಿಗೆ ಇಡೋದು."

ರಾಜೀವ್ ಮತ್ತೆ ಚೀಲ ತೆರೆದರು. "ಅವ್ರ ಹೆಸರೇನು?"

"ಯಾರೂ ಹೇಳ್ಲಿಲ್ಲ. 'ಅವಳು' ಅಂತ್ಲೇ."

ಅಷ್ಟನ್ನೂ ಹಾಗೇ ಬರೆಯುತ್ತೇನೆ, ಗೋಡೆ ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದು ರಾಜೀವ್ ಹೊರಟರು. ಚನ್ನಕೇಶವ ಮುಖ ತಿರುಗಿಸಿಕೊಂಡು ಜೀಪಿನಲ್ಲಿ ಕುಳಿತ. ಸಾವಿತ್ರಮ್ಮ ಬಳೆಗಳನ್ನು ಕೈಗೆತ್ತಿಕೊಂಡು ನನ್ನತ್ತ ತಿರುಗಿದರು.

"ನಾನಿಟ್ಟ ಬಳೆ ಎಲ್ಲಿಗೆ ಹೋಗ್ತಿತ್ತು ಅಂತ ನಂಗೆ ಗೊತ್ತು ಕಣೇ ಶಬನಂ."

ಎಲ್ಲಿಗೂ ಹೋಗುತ್ತಿರಲಿಲ್ಲ. ಹೊಸ ಬಳೆ ಬಿಸಾಡಲು ಮನಸ್ಸು ಬಾರದೆ ನಮ್ಮ ಅಮ್ಮಿ ಅವನ್ನು ನನಗೇ ತೊಡಿಸುತ್ತಿದ್ದಳು. ಅವನ್ನು ಸದ್ದು ಮಾಡುತ್ತ ನಾನು ಈ ಜಗಲಿಯಲ್ಲೇ ಕುಣಿದು ಬೆಳೆದವಳು.

"ಬೇಜಾರಾಗ್ಲಿಲ್ವಾ?" ಎಂದೆ.

"ನಿನ್ನ ಕೈಯಲ್ಲಿ ನೋಡ್ದಾಗೆಲ್ಲ ಅವಳೇ ಬದುಕಿ ಓಡಾಡ್ತಿದಾಳೆ ಅನ್ಸೋದು. ಕೈ ಕೊಡು."

ಈಗ ನನ್ನ ಕೈ ದಪ್ಪ. ಹಿಸುಕಿ ಹಿಸುಕಿ ತೊಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

ಜೆಸಿಬಿ ಬರುವುದಿದ್ದರೆ ಬರಲಿ. ಈ ಸಲವೂ ಆ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. ಹೆಸರು ಶಬನಂ ಎಂದು ಮೊದಲೇ ಬರೆದುಕೊಂಡಿರಲಿ.