ಸುರಂಗದ ಬೋರಿಗೆ ಗಂಗೆ ಪೂಜೆ

ಚನ್ನಮಲ್ಲಪ್ಪನ ತಲೆಗೆ ಸುರಂಗ ಹೊಕ್ಕಿತ್ತು. ಬೇರೆಯವರಿಗೆ ಮಗಳ ಮದುವೆ, ಸೈಟು, ಸ್ಕೂಟರು ಅಂತ ಚಿಂತೆಯಾದರೆ ರೈಲ್ವೆ ಸರ್ವೆ ಇಂಜಿನಿಯರಾದ ಈ ಮಹಾನುಭಾವನಿಗೆ ಉಣ್ಣುವಾಗಲೂ ಸುರಂಗ, ಮಲಗುವಾಗಲೂ ಸುರಂಗ. ಜಪಾನಿನಲ್ಲಿ ಓಡುತ್ತದಲ್ಲ, ಹಾಗೆ ಮೈಸೂರಿಗೆ ಒಂದೇ ಗಂಟೆಯಲ್ಲಿ ತಲುಪುವ ರೈಲು ಬರಬೇಕು. ಊರೊಳಗೆ ಆ ವೇಗಕ್ಕೆ ತಕ್ಕ ನೇರ ದಾರಿಯಿಲ್ಲವಾದ್ದರಿಂದ ಅದು ಸಿಟಿ ಸ್ಟೇಷನ್ನಿನ ಹತ್ತಿರ ನೆಲದೊಳಗೆ ಇಳಿದು ಕೆಂಗೇರಿಯಲ್ಲಿ ಮೇಲೆ ಬರಬೇಕು. ಯೋಜನೆ ಅವನದೇ ಕೂಸು. ಮೇಲಿನ ಸಾಹೇಬರು ಮೂಗು ಮುರಿದೂ ಮುರಿದೂ ಕಡೆಗೆ, ದಾರಿಯುದ್ದಕ್ಕೂ ಕೊರೆದು ನೋಡು, ಕಲ್ಲು ಗಟ್ಟಿಯಾಗಿದ್ದು ನೀರು ಸಿಗದಿದ್ದರೆ ಸೈ, ಸಿಕ್ಕಿತೋ ಫೈಲು ಕಟ್ಟಿಡು ಎಂದಿದ್ದರು.

ಎಲ್ಲ ಕಡೆ ಕೊರೆದಾಯಿತು, ಎಲ್ಲ ಕಡೆ ಒಣಕಲ್ಲು. ಉಳಿದದ್ದು ಒಂದೇ ಜಾಗ. ಗ್ರಹಚಾರ ನೋಡಿ, ಅದು ಆರ್‌ಪಿಸಿ ಲೇಔಟಿನಲ್ಲಿ ಅವನ ಮನೆಯಿದ್ದ ಬೀದಿಯ ಮೂಲೆಯೇ ಆಗಬೇಕೆ.

ಸುರಂಗದ ಸುದ್ದಿ ಹೊರಗೆ ಬಿಡಕೂಡದೆಂದು ಆಫೀಸಿನ ಕಟ್ಟಪ್ಪಣೆ. ಕಾಲ ಕೆಳಗೆ ರೈಲು ಓಡುತ್ತದೆ ಅಂದರೆ ಮನೆ ಕುಸಿಯುತ್ತದೆಂದು ಜನ ಬೊಬ್ಬೆ ಹಾಕುತ್ತಾರಂತೆ. ಅವನು ಹೆಂಡತಿಗೂ ಹೇಳಲಿಲ್ಲ. ಆದರೆ ನೀವು ಹೇಳದಿದ್ದರೆ ಜನ ತಾವೇ ಒಂದು ಹೇಳಿಕೊಳ್ಳುತ್ತಾರೆ. ಆ ಬೀದಿಯ ನಲ್ಲಿಗಳಿಗೆ ಮನಸ್ಸು ಬಂದರೆ ನೀರು, ಇಲ್ಲದಿದ್ದರೆ ಬರೀ ಗಾಳಿ. ಕೊರೆಯುವ ಯಂತ್ರ ಬಂದು ನಿಂತದ್ದೇ ತಡ, ಕುಡಿಯುವ ನೀರಿಗೆ ಬೋರ್ ಹಾಕುತ್ತಿದ್ದಾರೆಂದು ಹೆಂಗಸರೆಲ್ಲ ತೀರ್ಮಾನಿಸಿಬಿಟ್ಟರು. ಅವರ ಮುಂದಾಳು ಯಾರಂತೀರಿ? ಚನ್ನಮಲ್ಲಪ್ಪನ ಹೆಂಡತಿ ಬಸವರಾಜೇಶ್ವರಿ! ತನ್ನ ಯಜಮಾನರೇ ಓಡಾಡಿ ಮಾಡಿಸುತ್ತಿದ್ದಾರೆ, ಸಂಕೋಚದ ಪ್ರಾಣಿ, ಬಾಯಿ ಬಿಡುತ್ತಿಲ್ಲ ಎಂದು ಮನೆಮನೆಗೂ ಹೇಳಿ ಬಂದಳು.

ಮಾರನೆಯ ದಿನ ಯಂತ್ರಕ್ಕೆ ಗಂಗೆ ಪೂಜೆ. ಅರಿಶಿನ, ಕುಂಕುಮ, ಹಸಿರು ರವಿಕೆ ಕಣ. ಯಂತ್ರ ನಡೆಸುವ ಹನುಮಯ್ಯನ ಕೈಗೂ ತೆಂಗಿನಕಾಯಿ ಬಂತು. ಅವನು ಇಂಜಿನಿಯರ ಮುಖ ನೋಡಿದ; ಇಂಜಿನಿಯರು ಆಕಾಶ ನೋಡಿದರು. ಕಾಯಿ ಒಡೆದೇಬಿಟ್ಟ.

ಕಲ್ಲು ಕೊರೆಯುವ ಕೊಳವೆ ಕಾಯದಿರಲು ಒಂದೇ ಸಮನೆ ನೀರು ಬಿಡಬೇಕು. ಅದಕ್ಕೆಂದು ಟ್ಯಾಂಕರು ಬಂತು. ಕುಡಿಯುವುದಕ್ಕೇ ನೀರಿಲ್ಲದ ಬೀದಿಯಲ್ಲಿ ಟ್ಯಾಂಕರುಗಟ್ಟಲೆ ನೀರನ್ನು ತೂತಿಗೆ ಬಿಡುವುದನ್ನು ಕಂಡು ಇವರು ನನ್ನ ಚರ್ಮ ಸುಲಿಯುತ್ತಾರೆಂದು ಚನ್ನಮಲ್ಲಪ್ಪ ನಡುಗಿದ. ಆದರೆ ಎದುರು ಮನೆಯ ಸತ್ಯವತಿ ಟೀಚರು ವಿವರಣೆ ಕೊಟ್ಟೇಬಿಟ್ಟರು: ಕೈಪಂಪು ನೀರೆಳೆಯಬೇಕಾದರೆ ಮೊದಲು ಒಂದು ಚೊಂಬು ಹುಯ್ಯುವುದಿಲ್ಲವೇ, ಇದೂ ಹಾಗೇ. ಅಷ್ಟೇ ಸಾಕಾಯಿತು. ಟ್ಯಾಂಕರು ಖಾಲಿಯಾಗಿ ಯಂತ್ರ ನಿಂತಾಗ ಹೆಂಗಸರು ಸಾಲಾಗಿ ಬಂದು, ಮನೆಯಲ್ಲಿ ಉಳಿಸಿಟ್ಟುಕೊಂಡಿದ್ದ ನೀರಿನಲ್ಲಿ ಒಂದೊಂದು ಚೊಂಬು ತಂದು ತೂತಿಗೆ ಹುಯ್ದು ಕೈಮುಗಿದರು. ಚನ್ನಮಲ್ಲಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂದು ಬಸವರಾಜೇಶ್ವರಿ ನೀರು ಬರಲಿ ಎಂದು ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಳು. ಅದೇ ದೇವರ ಪಟದ ಮುಂದೆ, ಅವಳು ಅಡುಗೆಮನೆಗೆ ಹೋದ ಮೇಲೆ, ನೀರು ಬಾರದಿರಲಿ ಎಂದು ಅವನು ಕೈಮುಗಿದ. ಪಾಪ, ದೇವರಾದರೂ ಏನು ಮಾಡಿಯಾನು, ಬೇಡಿದ ಇಬ್ಬರೂ ಒಂದೇ ಮನೆಯವರು.

ಹೆಂಡತಿಯ ಅರ್ಜಿಯೇ ಪಾಸಾಯಿತು. ಮರುದಿನ ಇನ್ನೊಂದು ಟ್ಯಾಂಕರು ಬಂದು ಕೊರೆತ ಮುಂದುವರಿದಾಗ ಬಿರುಕುಬಿಟ್ಟ ಕಲ್ಲಿನ ಚೂರುಗಳು ಬಂದವು, ಹನುಮಯ್ಯ ಯಂತ್ರ ನಿಲ್ಲಿಸಿದ, ಟ್ಯಾಂಕರಿನ ನಲ್ಲಿ ಮುಚ್ಚಿದ. ಆದರೂ ಕೊಳವೆಯ ಬಾಯಿಂದ ತಣ್ಣಗೆ ನೀರು ಉಕ್ಕುತ್ತಲೇ ಇತ್ತು. ಬೀದಿಯಲ್ಲಿ ಹೋ ಎಂದು ಗದ್ದಲ. ಮನೆಮನೆಯಿಂದ ಬಿಂದಿಗೆ, ಬಕೆಟ್ಟು, ಹಂಡೆ ಓಡಿ ಬಂದವು. ಚನ್ನಮಲ್ಲಪ್ಪ ಮಾತ್ರ ಕಲ್ಲಿನ ಚೂರು ಹಿಡಿದು ಕುಳಿತೇಬಿಟ್ಟ. ಎಷ್ಟು ವರ್ಷದ ಕನಸು! ಆಮೇಲೆ ಹನುಮಯ್ಯನನ್ನು ಪಕ್ಕಕ್ಕೆ ಕರೆದು, ಸಿಮೆಂಟು ಕಲಸಿ ತೂತು ಮುಚ್ಚಿಬಿಡು, ಪಕ್ಕದಲ್ಲಿ ಇನ್ನೊಂದು ಕೊರೆದು ಒಣಕಲ್ಲು ತೋರಿಸೋಣ ಎಂದು ಪಿಸುಗುಟ್ಟಿದ.

ಖಾಲಿ ಕೊಡಪಾನ ಹಿಡಿದು ಹಿಂದೆಯೇ ನಿಂತಿದ್ದ ಬಸವರಾಜೇಶ್ವರಿಗೆ ಅದು ಕೇಳಿಸಿತು. ಯಾಕೆ ಮುಚ್ಚುತ್ತೀರಿ ಎಂದಳು. ಇನ್ನು ಮುಚ್ಚಿಡಲು ಅವನಿಗೆ ತ್ರಾಣವಿರಲಿಲ್ಲ.

"ಇದು ನೀರಿಗೆ ಕೊರೆದಿದ್ದಲ್ಲ ಕಣೇ. ಸುರಂಗಕ್ಕೆ. ನೀರು ಬಂತು ಅಂತ ಬರೆದ್ರೆ ನನ್ನ ರೈಲು ಹೋಯ್ತು."

ಎಲ್ಲವನ್ನೂ ಹೇಳಿದ. ಗಂಡನ ಮುಖ ನೋಡಿ ಅವಳಿಗೂ ಸಂಕಟವಾಯಿತು.

"ಮೈಸೂರಿಗೆ ಎಷ್ಟು ಹೊತ್ತಲ್ಲಿ ಹೋಗುತ್ತೆ ಅಂದ್ರಿ?"

"ಒಂದು ಗಂಟೆ."

"ಒಂದು ಕೊಡ ನೀರಿಗೆ ನಾನು ಅದಕ್ಕಿಂತ ಜಾಸ್ತಿ ಹೊತ್ತು ನಿಂತಿರ್ತೀನಿ ಕಣ್ರೀ, ದಿನಾ."

ಜಗಳದ ದನಿಯಲ್ಲಿ ಹೇಳಿದ್ದರೆ ಅವನು ತಿರುಗಿ ಜಗಳವಾಡುತ್ತಿದ್ದ. ಅವಳು ಹಾಗೆ ಹೇಳಲಿಲ್ಲ. ದಿನಾ ತಾನು ಆಫೀಸಿಗೆ ಹೊರಡುವ ಮೊದಲು ಮೀಯುವ ಎರಡು ಬಕೆಟ್ಟು ನೀರು ಎಲ್ಲಿಂದ ಬರುತ್ತಿತ್ತೆಂದು ಇಷ್ಟುದ್ದದ ಸುರಂಗ ಯೋಚಿಸಿದ ತಲೆ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಸಿಮೆಂಟು ಬೇಡ, ಕೈಪಂಪು ಕೂರಿಸೋಕೆ ವ್ಯವಸ್ಥೆ ಮಾಡು ಎಂದು ಹನುಮಯ್ಯನಿಗೆ ಹೇಳಿ, ಅಲ್ಲೇ ಯಂತ್ರದ ಮೇಲೆ ಕಾಗದವಿಟ್ಟುಕೊಂಡು ನೀರು ಸಿಕ್ಕಿದೆ, ದಾರಿ ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿದ. ಕಣ್ಣು ಮಂಜಾಗಿ ಸಹಿ ವಕ್ರವಾಯಿತು.

ಆಮೇಲೆ ಎದ್ದು ಹೆಂಡತಿಯ ಕೈಯಿಂದ ಕೊಡಪಾನ ತೆಗೆದುಕೊಂಡು ದೊರೆಯಂತೆ ನೇರ ಕೊಳವೆಯ ಬಾಯಿಗೆ ನಡೆದ. ಬಸವರಾಜೇಶ್ವರಿ ಅಂಗಿಯ ತೋಳು ಹಿಡಿದು ಹಿಂದಕ್ಕೆಳೆದಳು.

"ಎಲ್ಲಿಗೆ? ಸತ್ಯವತಿ ಟೀಚರ್ ಹಿಂದೆ ನಿಂತ್ಕೊಳ್ಳಿ. ನಮ್ಮ ಸರದಿ ಅವರಾದ್ಮೇಲೆ."